ನನ್ನ ಕೊರಳಿಗಲ್ಲದ ಹಾರ

ತಿಳಿಯದ ಮಾತಿಗೆ ತಲೆಯಾಡಿಸುವುದು ಒಂದು ರೋಗ ಎಂದು ಯಾವ ಡಾಕ್ಟರೂ ಈವರೆಗೆ ಹೇಳಿಲ್ಲ. ಹೇಳಬೇಕಾಗಿತ್ತು. ನನಗೆ ಅದು ಅಂಟಿ ಮೂವತ್ತು ವರ್ಷವಾಯಿತು. ಪುಣೆಯ ಧನಕವಡಿಯಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ ಇದೆ; ನಮ್ಮ ಕಡೆಯ ಇಳಕಲ್ ಸೀರೆ, ಗುಳೇದಗುಡ್ಡದ ಖಣ ತಂದು ಇಲ್ಲಿಯ ಮರಾಠಿ ಹೆಣ್ಣುಮಕ್ಕಳಿಗೆ ಮಾರುತ್ತೇನೆ. ಬಟ್ಟೆ ಅಂಗಡಿಯವನಿಗೆ ತಲೆ ಇರುವುದೇ ಆಡಿಸಲಿಕ್ಕೆ. ಗಿರಾಕಿ ಒಂದು ಸೀರೆಯನ್ನು ಬೆಳಕಿಗೆ ಹಿಡಿದು, 'ಇದು ಹಸಿರಲ್ಲ, ಹಸಿರಾಗಲು ಹೊರಟು ನಡುವೆ ನಿಂತದ್ದು' ಎಂದರೆ ನಾನು ತಲೆಯಾಡಿಸುತ್ತೇನೆ. ಅವರ ಅತ್ತಿಗೆ, 'ಅಲ್ಲ, ಇದು ನೀಲಿ' ಎಂದರೆ ಆ ಕಡೆಗೂ ಆಡಿಸುತ್ತೇನೆ. ಇಬ್ಬರನ್ನೂ ನಗಿಸಿ, 'ಬಸಾ ತಾಯಿ, ಬಸಾ, ಕಾಯ ದಾಖವೂ?' ಎಂದು ಕೂರಿಸಿ, ಏನು ತೋರಿಸಲಿ ಎಂದು ಕೇಳುತ್ತಲೇ ಗಂಟು ಬಿಚ್ಚುತ್ತೇನೆ. ನಮ್ಮ ದಂಧೆಯಲ್ಲಿ ಎಲ್ಲರಿಗಿಂತ ಕಠಿಣ ಗಿರಾಕಿ ಎಂದರೆ 'ನುಸ್ತಂ ಬಘತೇಯ್' ಎನ್ನುವವಳು. ಸುಮ್ಮನೆ ನೋಡುತ್ತಿದ್ದೇನೆ, ಅಷ್ಟೆ, ಎಂದರ್ಥ. ಅಂಥವಳನ್ನೂ ಬರಿಗೈಯಲ್ಲಿ ಕಳಿಸದವನು ಎಂದು ನಮ್ಮ ಬೀದಿಯಲ್ಲಿ ನನಗೆ ಹೆಸರಿದೆ. ನೀರು ಕೊಡಬೇಕು, ನಗಬೇಕು, ಒಂದಾದ ಮೇಲೊಂದು ಬಿಚ್ಚಿ ತೋರಿಸುತ್ತ ಹೋಗಬೇಕು, ಬೇಸರ ಮಾಡಿಕೊಳ್ಳಬಾರದು. ಇಷ್ಟೇ ಗುಟ್ಟು.

ಈ ತಲೆಯಾಡಿಸುವ ಚಟ ಮನೆಯಲ್ಲಿ ನನಗೆ ತಂದಿಟ್ಟ ಸಂಕಟವನ್ನು ನಿಮ್ಮ ಮುಂದೆ ಹೇಳಿಕೊಳ್ಳದೆ ಇನ್ಯಾರ ಮುಂದೆ ಹೇಳಿಕೊಳ್ಳಲಿ? ನನ್ನ ಮಗಳು ಅಕ್ಷತಾ ಹನ್ನೆರಡನೆಯ ಇಯತ್ತೆ ಮುಗಿಸಿದ ವರ್ಷ, ನಾನು ಊಟಕ್ಕೆ ಕುಳಿತು ಹಿಂಡಿಪಲ್ಯದಲ್ಲಿ ಮೈಮರೆತಿದ್ದಾಗ, ಬಂದು ಏನನ್ನೋ ಕೇಳಿದಳು. ನಾನು ತಲೆಯಾಡಿಸಿದೆ. ಮರುದಿನ ತಿಳಿಯಿತು, ಅವಳು ಚಿತ್ರಕಲೆಯ ಕಾಲೇಜಿಗೆ ಅರ್ಜಿ ಹಾಕಲೇ ಎಂದು ಕೇಳಿದ್ದಳು ಮತ್ತು ನಾನು ಒಪ್ಪಿದ್ದೆ. 'ಹಾಲು ತರಲಿ ಏನು ಅಂತ ಕೇಳಿದಿ ಅಂದ್ಕೊಂಡೆ' ಎಂದೆ. 'ಹಾಲು ತರೂದಕ್ಕ ನಾ ಯಾವಾಗ ನಿನ್ನ ಪರ್ಮಿಷನ್ ಕೇಳೀನಿ ಅಪ್ಪಾ?' ಎಂದಳು.

ಚಿತ್ರಕಲೆ ಎಂದರೆ ಚಿತ್ರ ಬರೆಯುತ್ತಾರೆ, ಒಂದೆರಡು ನವಿಲು, ಒಂದು ಸೂರ್ಯೋದಯ ಮನೆಗೆ ಬರುತ್ತವೆ, ಗೋಡೆಗೆ ಹಾಕಿಕೊಳ್ಳಬಹುದು ಎಂದು ನಾನೂ ನನ್ನ ಹೆಂಡತಿ ಗಿರಿಜಾಳೂ ಸಮಾಧಾನ ಮಾಡಿಕೊಂಡೆವು. ನವಿಲು ಬರಲಿಲ್ಲ. ಮೊದಲ ವರ್ಷ ಬಂದದ್ದು ಫೋಟೋಗ್ರಫಿ. ನನ್ನ ತಂಗಿಯ ಮಗಳ ಮದುವೆಯಲ್ಲಿ ಅಕ್ಷತಾಳ ಕೈಗೆ ಕ್ಯಾಮೆರಾ ಕೊಟ್ಟು, 'ಚೆಂದಾಗಿ ತಗಿಯವ್ವಾ' ಎಂದರೆ ಇವಳು ಮದುಮಕ್ಕಳನ್ನು ಬಿಟ್ಟು ಛತ್ರದ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳ ಫೋಟೋ ತೆಗೆದುಕೊಂಡು ಬಂದಳು. ಅಕ್ಷತೆ ಬೀಳುವ ಮುಹೂರ್ತದಲ್ಲಿ ಎಲ್ಲರ ಕೈ ಮೇಲಿದ್ದರೆ ಇವಳ ಕ್ಯಾಮೆರಾ ಕೆಳಗಿತ್ತು. ತಂಗಿ ಇವತ್ತಿಗೂ ಫೋನಿನಲ್ಲಿ ಮೊದಲು ಚಪ್ಪಲಿಗಳ ಕ್ಷೇಮ ವಿಚಾರಿಸಿ ಆಮೇಲೆ ನಮ್ಮದು ವಿಚಾರಿಸುತ್ತಾಳೆ. ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಫೋಟೋಗಳಲ್ಲಿ ನನ್ನ ಜೋಡು ಯಾವುದೆಂದು ನಾನು ಥಟ್ಟನೆ ಗುರುತಿಸಿದೆ, ಒಂದು ಕ್ಷಣ ಸಂತೋಷವೂ ಆಯಿತು. ಯಾಕೆ ಸಂತೋಷವಾಯಿತು ಎಂಬುದು ತಿಳಿಯಲಿಲ್ಲ.

ಎರಡನೆಯ ವರ್ಷ ಶಿಲ್ಪ. ಬೇಲೂರು ಹಳೇಬೀಡು ನೆನಪಿಸಿಕೊಂಡು ನಾನು ಹಿಗ್ಗಿದೆ. ಇವಳು ಗಿರಿಜಾಳ ಜೋಳದ ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಪ್ಲಾಸ್ಟರಿನ ಪುಡಿಯ ಡಬ್ಬಿ ಇಟ್ಟಳು. ಎರಡೂ ಬಿಳಿ, ಎರಡೂ ಸ್ಟೀಲು. ಒಂದು ಬೆಳಗ್ಗೆ ಗಿರಿಜಾ ಬಿಸಿನೀರು ಹಾಕಿ ಕಲಸಿದ ಹಿಟ್ಟು ಕೈಯಲ್ಲೇ ಗಟ್ಟಿಯಾಯಿತು. 'ಏನ್ ಜೋಳಾ ತಂದೀರಿ ನೀವು, ಸಿಮೆಂಟ್ ಆಗ್ಲಿಕತ್ತದ!' ಎಂದು ನನ್ನನ್ನೇ ಬೈದಳು. ಅದೇ ವಾರ ಮಗಳು ನನ್ನ ಬಲಗೈಯ ಅಚ್ಚು ಬೇಕೆಂದು ಪ್ಲಾಸ್ಟರಿನಲ್ಲಿ ಹೂತು ಕೂರಿಸಿದಳು. ಎಣ್ಣೆ ಸವರಲು ಮರೆತಿದ್ದಳು. ಅಚ್ಚು ಬಿಡಿಸುವಾಗ ಮುಂಗೈಯ ಕೂದಲೆಲ್ಲ ಕಲೆಗೆ ಸಮರ್ಪಣೆಯಾದವು. ನಾನು ಹೊಯ್ಕೊಂಡದ್ದಕ್ಕೆ ಕೆಳಗಿನ ಮನೆಯ ಕುಲಕರ್ಣಿ ಕಾಕೂ ಓಡಿ ಬಂದರು.

ಮೂರನೆಯ ವರ್ಷ ಇನ್‌ಸ್ಟಲೇಶನ್. ಈ ಶಬ್ದ ನನಗೆ ಗೊತ್ತಿತ್ತು. ನೀರಿನ ಫಿಲ್ಟರು ತಂದಾಗ ಕಂಪನಿಯವನು ಬಂದು ಗೋಡೆಗೆ ತೂತು ಹೊಡೆದು, ನಮ್ಮ ಸಹಿ ಹಾಕಿಸಿಕೊಂಡು ಹೋಗುತ್ತಾನಲ್ಲ, ಅದು. ಇವಳದರಲ್ಲಿ ತೂತು ಮಾತ್ರ ಅದೇ ಇತ್ತು. ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ದಾರ ಕಟ್ಟಿ, ಅದಕ್ಕೆ ನನ್ನ ಅಂಗಡಿಯ ಚೂರುಬಟ್ಟೆಗಳನ್ನು ಜೋತುಬಿಟ್ಟು, 'ಇದರ ನಡುವ ನಡದು ಹೋಗಪ್ಪಾ, ಏನ್ ಅನಸ್ತದ ಹೇಳು' ಎಂದಳು. ನಡೆದು ಹೋದೆ. ಕನ್ನಡಕ ದಾರಕ್ಕೆ ಸಿಕ್ಕಿಕೊಂಡಿತು. 'ಏನ್ ಅನಸ್ತು?' ಎಂದಳು. 'ಕನ್ನಡಕ ಎಲ್ಲಿ ಹೋತು ಅನಸ್ತು' ಎಂದೆ. ಅವಳು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು. ಸಂಜೆ ಗಿರಿಜಾ ಅದೇ ದಾರದ ಮೇಲೆ ಟವೆಲ್ಲು ಒಣಹಾಕಿದ್ದಳು; ಕಲೆ ಯಾವುದು, ಟವೆಲ್ಲು ಯಾವುದು ಎಂದು ತಿಳಿಯದೆ ನಾನು ಎರಡು ದಿನ ತೋಯ್ದ ಮುಖದಲ್ಲೇ ಓಡಾಡಿದೆ.

ನಗೆಯ ಮಾತು ಅಲ್ಲಿಗೆ ನಿಂತಿತು. ಆ ವರ್ಷದ ಕೊನೆಗೆ ಪರೀಕ್ಷಕರು ಬಂದು ನೋಡಿ, ಇವಳ ಕೆಲಸದಲ್ಲಿ ಜೀವವಿಲ್ಲ, ಮನಸ್ಸಿನಿಂದ ಬಂದದ್ದಲ್ಲ ಎಂದು ಫೇಲು ಮಾಡಿಬಿಟ್ಟರು. ಅವಳು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಅಪ್ಪನಾದವನು ಆಗ ಏನಾದರೂ ಒಳ್ಳೆಯ ಮಾತು ಆಡಬೇಕಿತ್ತು. ನಾನು ಆಡಿದ್ದು ಇದು: 'ಇನ್ನೊಂದ್ ಸಲ ಕೂಡು. ಆವಾಗೂ ಪಾಸ್ ಆಗ್ಲಿಲ್ಲಂದ್ರ ಕಾಲೇಜ್ ಸಾಕು, ಅಂಗಡಿಗೆ ಬಂದು ಸೀರಿ ಮಡಚು.' ಅವಳು ನನ್ನನ್ನೇ ಒಂದು ಗಳಿಗೆ ನೋಡಿ, 'ಆತು' ಎಂದಳು. ಆಡಿದ ಮಾತು ತಿರುಗಿ ನುಂಗಲು ನನಗೆ ಬಾರದು. ಅಂಗಡಿಯಲ್ಲಿ ಹತ್ತು ಸಲ ಬೇಕಾದರೆ ಮಾತು ಬದಲಿಸಿಯೇನು. ಮನೆಯಲ್ಲಿ ಏನೋ ಒಂದು ಬಿಗಿ.

ಹೊಸ ಕೆಲಸಕ್ಕೆ ಅವಳು ಆರಿಸಿಕೊಂಡ ವಿಷಯ ನಾನು ಎಂದು ತಿಳಿದಾಗ ನನಗೆ ಒಳಗೊಳಗೇ ಕೋಡು ಮೂಡಿತು. ನನ್ನ ಎದೆಮಟ್ಟದ ಮೂರ್ತಿ ಮಾಡುತ್ತಾಳಂತೆ! ಚೌಕಗಳಲ್ಲಿ ನಿಲ್ಲಿಸುತ್ತಾರಲ್ಲ, ಅಂಥದ್ದು. ಒಂದು ವಾರ ಮೀಸೆಯನ್ನು ಎರಡೆರಡು ಸಲ ಕತ್ತರಿಸಿಕೊಂಡೆ. ನಾಲ್ಕು ರವಿವಾರ ಸ್ಟೂಲಿನ ಮೇಲೆ ಬೆನ್ನು ಸೆಟೆಸಿ, ಉಸಿರು ಹಿಡಿದು, ಗಂಭೀರವಾಗಿ ಕುಳಿತೆ. ಆದರೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಅವಳು ನನ್ನನ್ನು ಒಂದು ಸಲ ನೋಡಿದರೆ ತನ್ನ ಫೋನನ್ನು ಹತ್ತು ಸಲ ನೋಡುತ್ತಿದ್ದಳು. 'ಎದುರಿಗೆ ಜೀವಂತ ಮನಷ್ಯಾ ಕುಂತಾನ, ಫೋನ್‌ನ್ಯಾಗ ಏನ್ ಹುಡಕ್ತಿ?' ಎಂದೆ. 'ನಿನ್ನನ್ನs ಹುಡಕ್ಲಿಕತ್ತೀನಿ, ಅಲುಗಾಡಬ್ಯಾಡ' ಎಂದಳು. ಕಲಾವಿದರ ಮಾತು ಹೀಗೆಯೇ ಇರುತ್ತದೆ ಎಂದು ತಲೆಯಾಡಿಸಿದೆ. ಅದಕ್ಕೂ ಬೈಸಿಕೊಂಡೆ.

ಪರೀಕ್ಷೆಯ ಶುಕ್ರವಾರ ಬಂತು. ಪರೀಕ್ಷಕರು ಹತ್ತಕ್ಕೆ ಬರುವವರು, ಮನೆಯವರಿಗೆ ಪ್ರವೇಶ ಹನ್ನೊಂದರ ಮೇಲೆ ಎಂದು ಮಗಳು ಸಾರಿ ಸಾರಿ ಹೇಳಿದ್ದಳು. ಆದರೆ ಹತ್ತೂವರೆಗೆ ರಾಹುಕಾಲ ಹತ್ತುತ್ತದಲ್ಲ! ಅದರೊಳಗೆ ಮೊದಲ ಹೆಜ್ಜೆ ಇಡಲೇಬೇಕೆಂದು ಗಿರಿಜಾ ನನ್ನನ್ನು ಒಂಬತ್ತೂವರೆಗೆಲ್ಲ ಕಾಲೇಜಿನ ಬಾಗಿಲಲ್ಲಿ ನಿಲ್ಲಿಸಿದಳು. ಸಿಪಾಯಿ ತಡೆದ. ಅವಳು ಕಟ್ಟಿಕೊಂಡು ಬಂದಿದ್ದ ಬೇಸನ್ ಉಂಡಿ ಅವನ ಕೈಗೆ ಹೋಯಿತು, ನಾವು ಒಳಗೆ ಹೋದೆವು. ವಿದ್ಯಾರ್ಥಿಗಳನ್ನೆಲ್ಲ ಬೇರೆ ಕೋಣೆಯಲ್ಲಿ ಕೂರಿಸಿದ್ದರು. ಅಕ್ಷತಾಳ ಜಾಗದಲ್ಲಿ ಗೋಡೆಯ ತುಂಬ ರಸ್ತೆಯ ಫೋಟೋಗಳು. ರಿಕ್ಷಾ, ಬಸ್ಸು, ಸ್ಕೂಟರು ಅಡ್ಡ ಹೋಗುತ್ತಿದ್ದವು. ನಡುವೆ ನನ್ನ ಅಂಗಡಿಯ ಹಳೆಯ ಸ್ಟೂಲು. ಅದರ ಮುಂದೆ ಎತ್ತರದ ಪೆಟ್ಟಿಗೆಯ ಮೇಲೆ ಮೂರ್ತಿ.

ನಾವಿಬ್ಬರೂ ಬಹಳ ಹೊತ್ತು ನೋಡಿದೆವು. 'ಇದ್ಯಾರ್ರೀ?' ಎಂದಳು ಗಿರಿಜಾ. 'ನಾನು' ಎಂದೆ, ಅಷ್ಟೇನೂ ಧೈರ್ಯವಿಲ್ಲದೆ. ಕಣ್ಣು ಸಣ್ಣದಾಗುವಂತೆ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ, ಒಂದು ಕಡೆಗೆ ತುಸು ಬಾಗಿ ಯಾರ ಮಾತನ್ನೋ ಕೇಳುತ್ತಿದ್ದ ಒಬ್ಬ ಮನುಷ್ಯ. ನಾಲ್ಕು ರವಿವಾರ ನಾನು ಹಿಡಿದ ಉಸಿರು ಎಲ್ಲಿಯೂ ಇರಲಿಲ್ಲ. 'ನಿಮ್ಮ ಸೋದರಮಾವನ ಕಳಾ ಅದ ನೋಡ್ರಿ' ಎಂದು ಗಿರಿಜಾ ತೀರ್ಪು ಕೊಟ್ಟಳು. ಯಾರ ಕಳೆಯಾದರೇನು, ಹೊಸ ಸಾಮಾನು. ನಮ್ಮಲ್ಲಿ ಮಿಕ್ಸರ್ ಬರಲಿ, ಸ್ಕೂಟರ್ ಬರಲಿ, ಪೂಜೆ ಮಾಡದೆ ಬಳಸುವುದಿಲ್ಲ. ಅವಳು ಚೀಲದಿಂದ ಕುಂಕುಮ ತೆಗೆದು ಮೂರ್ತಿಯ ಹಣೆಗೆ ಹಚ್ಚಿದಳು, ಪೆಟ್ಟಿಗೆಯ ಸಂದಿಗೆ ಎರಡು ಊದಿನಕಡ್ಡಿ ಸಿಕ್ಕಿಸಿ ಹಚ್ಚಿ, 'ನನ್ನ ಮಗಳನ್ನ ಪಾಸ್ ಮಾಡಪಾ' ಎಂದು ಕೈಮುಗಿದು, ಕೈ ತೊಳೆಯಲು ಹೊರಗೆ ಹೋದಳು. ನನ್ನ ಮೂರ್ತಿಗೇ ನನ್ನ ಹೆಂಡತಿ ಹರಕೆ ಹೊತ್ತದ್ದನ್ನು ನೋಡುತ್ತ ನಿಂತಿದ್ದೆ.

ಅಷ್ಟರಲ್ಲಿ, ಉಂಡಿ ತಿನ್ನುತ್ತಿದ್ದ ಸಿಪಾಯಿಯನ್ನು ದಾಟಿಕೊಂಡು ದೇಸಾಯರು ಬಂದರು. ದೇಹೂ ರೋಡಿನ ಕಚೇರಿಯೊಂದರಿಂದ ನಿವೃತ್ತರಾದ ನನ್ನ ಗೆಳೆಯರು ಇವರು. ಶಾಲು, ಹಾರ ಇಲ್ಲದೆ ಯಾವ ಕಾರ್ಯಕ್ರಮಕ್ಕೂ ಕಾಲಿಡುವವರಲ್ಲ. ಪುಣೆಯ ಕನ್ನಡಿಗರಲ್ಲಿ ಅವರಿಂದ ಒಮ್ಮೆಯಾದರೂ ಸನ್ಮಾನ ಮಾಡಿಸಿಕೊಳ್ಳದವರು ಕಡಿಮೆ. ಅವರ ದಂತವೈದ್ಯರಿಗೂ ಹಲ್ಲು ಕಿತ್ತ ಕೂಡಲೇ ಆಗಿದೆ. ಅಕ್ಷತಾಳಿಗೆಂದು ಸ್ವಾರಗೇಟಿನಲ್ಲಿ ಬಸ್ಸು ಬದಲಿಸುವಾಗ ಒಂದು ಹಾರ ಕೊಂಡಿದ್ದರು. ಸುಗಂಧರಾಜದ್ದು, ಮೊಣಕಾಲುದ್ದದ್ದು, ನೀರು ತೊಟ್ಟಿಕ್ಕುತ್ತಿತ್ತು.

'ಎಲ್ಲಿ ನಮ್ಮ ಕಲಾವಿದಿ?' ಎಂದರು.

'ಪರೀಕ್ಷಾ ನಡದದ್ರಿ. ಒಳಗ ಕುಂಡರ್ಸ್ಯಾರ' ಎಂದೆ.

'ಹಂಗಾರ ಇದನ್ನ ಎಷ್ಟೊತ್ತು ಹಿಡ್ಕೊಂಡು ನಿಲ್ಲೂದ್ರಿ ಮಲ್ಲಪ್ಪಣ್ಣ? ಅಂಗಿ ಎಲ್ಲಾ ತೋಯ್ಲಿಕತ್ತದ. ಸ್ವಲ್ಪ ಹೊತ್ತು ಇಲ್ಲೇ ಇರ್ಲಿ' ಎಂದು ಸುತ್ತ ನೋಡಿ, ಬೇರೆ ಮೊಳೆ ಕಾಣದೆ, ಮೂರ್ತಿಯ ಕೊರಳಿಗೆ ಹಾಕಿಬಿಟ್ಟರು. ನಾನು ತಲೆಯಾಡಿಸಿದೆ.

ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಹಾರ, ಕೆಳಗೆ ಊದಿನಕಡ್ಡಿಯ ಹೊಗೆ, ಎದುರಿಗೆ ಒಂದು ಖಾಲಿ ಸ್ಟೂಲು. ಇದೆಲ್ಲ ಒಟ್ಟಿಗೆ ಸೇರಿದರೆ ನೋಡುವವರಿಗೆ ಏನು ಅನ್ನಿಸುತ್ತದೆ ಎಂದು ನಿಮಗೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಪರೀಕ್ಷಕರು ಬಂದೇಬಿಟ್ಟರು. ಬಿಳಿ ಗಡ್ಡದ ಒಬ್ಬ ಪ್ರೊಫೆಸರು, ದೊಡ್ಡ ಬೊಟ್ಟಿನ ಒಬ್ಬ ಹೆಂಗಸು. ಇಬ್ಬರೂ ಹಾರ ನೋಡಿ ಥಟ್ಟನೆ ನಿಂತರು. ಪ್ರೊಫೆಸರು ಚಪ್ಪಲಿ ಬಿಟ್ಟರು. ಆಕೆ ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಏನೇನೋ ಹೇಳಿ, ನನ್ನ ಕಡೆ ತಿರುಗಿ, ಅದೇ ಇಂಗ್ಲಿಷಿನಲ್ಲಿ ಏನನ್ನೋ ಕೇಳಿದರು. 'ಫಾದರ್' ಎಂಬುದೊಂದು ತಿಳಿಯಿತು. ನಾನು ತಲೆಯಾಡಿಸಿದೆ. ಆಮೇಲೆ ಅವರು ಮರಾಠಿಯಲ್ಲಿ, 'ಕಧೀ ಗೇಲೆ?' ಎಂದರು. ಯಾವಾಗ ಹೋದರು ಎಂದು!

ಆಗ ನನಗೆ ಇಡೀ ಚಿತ್ರ ಕಂಡಿತು. ನಾನು ಸತ್ತಿದ್ದೆ. ಸತ್ತದ್ದಕ್ಕೆ ನಾನೇ ತಲೆಯಾಡಿಸಿ ಸಾಕ್ಷಿ ಹೇಳಿದ್ದೆ. 'ಅಯ್ಯೋ ಇಲ್ಲ, ನಾನೇ ಅವನು' ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪ್ರೊಫೆಸರು ಕಣ್ಣೊರೆಸಿಕೊಂಡು, ಹೋದ ಸಲ ಈ ಹುಡುಗಿಯ ಕೆಲಸದಲ್ಲಿ ಜೀವ ಇರಲಿಲ್ಲ, ಈಗ ನೋಡಿ, ಎಂದು ಆಕೆಗೆ ಮರಾಠಿಯಲ್ಲಿ ಹೇಳುತ್ತಿದ್ದರು. ನನ್ನ ಬಾಯಿ ಅರ್ಧಕ್ಕೇ ನಿಂತಿತು. ನಾನು ಬದುಕಿದ್ದೇನೆಂದರೆ ಮಗಳು ಫೇಲು, ಸೀರೆ ಮಡಚುವ ಕೆಲಸ. ಸತ್ತರೆ ಪಾಸು. ಹೀಗೆ ಆರಿಸಿಕೊಳ್ಳುವ ಪ್ರಸಂಗ ಯಾವ ಅಪ್ಪನಿಗೂ ಬರಬಾರದು. ನಾನು ಸತ್ತೇ ಇರುವುದೆಂದು ನಿಶ್ಚಯಿಸಿದೆ.

'ತುಮ್ಹೀ ಕೋಣ?' ಎಂದು ಆಕೆ ಕೇಳಿದರು. ನೀವು ಯಾರು? 'ಪಕ್ಕದ ಅಂಗಡಿಯವನು' ಎಂದು ಮರಾಠಿಯಲ್ಲಿ ಹೇಳಿದೆ. ದೇಸಾಯರು ಬೆಕ್ಕಸಬೆರಗಾಗಿ ನನ್ನ ಮುಖ ನೋಡಿದರು. ಅದೇ ಹೊತ್ತಿಗೆ ಗಿರಿಜಾ ಕೈ ಒರೆಸಿಕೊಳ್ಳುತ್ತ ಬಂದಳು. ಬಂದವಳ ಕಣ್ಣಿಗೆ ಬಿದ್ದದ್ದು ಹಾರ. 'ಅಯ್ಯ ಶಿವನs! ಯಾವ ಹಾಳಾದಂವ ಹಾಕಿದ ಇದನ್ನ! ನನ್ನ ಕುಂಕುಮಾ ಗಟ್ಟಿ ಅದರೀ ಇನ್ನಾ!' ಎಂದು ಹೋ ಎಂದು ಅತ್ತಳು. ಕನ್ನಡ ಬಾರದ ಆ ಪರೀಕ್ಷಕಿ ಓಡಿ ಬಂದು ಗಿರಿಜಾಳನ್ನು ತಬ್ಬಿಕೊಂಡು ಸಂತೈಸತೊಡಗಿದರು. ಗಿರಿಜಾ ಅವರ ಭುಜದ ಮೇಲಿಂದಲೇ ನನಗೆ, 'ಸುಮ್ಮ ನಿಂತೀರಲ್ರೀ ಕಂಬದಂಗ, ತಗೀರಿ ಅದನ್ನ!' ಎಂದಳು. 'ಸ್ವಲ್ಪ ತಡಿ, ಪಾಸ್ ಆಗ್ಲಿಕತ್ತಾಳ' ಎಂದೆ.

ಪ್ರೊಫೆಸರು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು, 'ಕಸಾ ಮಾಣೂಸ್ ಹೋತಾ?' ಎಂಥ ಮನುಷ್ಯ ಆತ?

ಇಂಥ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ. ಹೊಗಳಬೇಕೆಂದು ಗಂಟಲು ಸರಿಮಾಡಿಕೊಂಡೆ. 'ಅಂಗಡಿಯಲ್ಲಿ ಭಾರಿ ಮನುಷ್ಯ. ಎಲ್ಲರನ್ನೂ ನಗಿಸುತ್ತಿದ್ದ' ಎಂದೆ. 'ಮತ್ತೆ ಮನೆಯಲ್ಲಿ?' ಎಂದರು. ಮನೆಯಲ್ಲಿ... ನಾನು ಹುಡುಕಿದೆ. ಉಣ್ಣುತ್ತಿದ್ದ, ತಲೆಯಾಡಿಸುತ್ತಿದ್ದ, ಮಲಗುತ್ತಿದ್ದ. 'ಮಗಳು ಏನು ಮಾಡುತ್ತಾಳೆಂದು ಅವನಿಗೆ ತಿಳಿಯುತ್ತಿರಲಿಲ್ಲ' ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ. 'ಕೇಳಲೂ ಇಲ್ಲ ಸರ್. ಒಂದು ಸಲ ಅವಳೇ ಕರೆದು ತೋರಿಸಿದಾಗ ಅವನಿಗೆ ಕನ್ನಡಕದ ಚಿಂತೆ ಆಗಿತ್ತು.' ಸತ್ತವನ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು.

ತಿರುಗಿ ನೋಡಿದರೆ, ಅಮ್ಮನ ಅಳು ಕೇಳಿ ಎದ್ದು ಬಂದ ಅಕ್ಷತಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಹಾರ ನೋಡಿದಳು, ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಕಣ್ಣಿನಲ್ಲೇ, ಸುಮ್ಮನಿರು ಎಂದೆ. ಅವಳು ಬಂದು ಹಾರ ತೆಗೆದು ದೇಸಾಯರ ಕೈಗೆ ಕೊಟ್ಟು, 'ಸರ್, ಹೇ ಮಾಝೇ ವಡೀಲ' ಎಂದಳು. ಇವರೇ ನನ್ನ ತಂದೆ. ಪರೀಕ್ಷಕರು ಮೂರ್ತಿಯನ್ನೂ ನನ್ನನ್ನೂ ಮೂರು ಸಲ ನೋಡಿದರು. 'ಚೆಹರಾ ಜುಳತ ನಾಹೀ' ಎಂದರು ಪ್ರೊಫೆಸರು, ಮುಖ ಹೊಂದುವುದೇ ಇಲ್ಲವಲ್ಲ ಎಂದು. ಹೋಯಿತು, ಬದುಕಿ ಮಗಳನ್ನು ಮುಳುಗಿಸಿದೆ ಎಂದುಕೊಂಡೆ.

'ಹೌದು ಸರ್, ಹೊಂದುವುದಿಲ್ಲ' ಎಂದಳು ಅಕ್ಷತಾ ಮರಾಠಿಯಲ್ಲಿ. 'ಈ ಮುಖ ಮನೆಗೆ ಬರುವುದಿಲ್ಲ. ಅಂಗಡಿಯಲ್ಲೇ ಇರುತ್ತದೆ. ನಾನು ಒಳಗೆ ಹೋದರೆ ಅಲ್ಲಿಂದಲೂ ಮಾಯವಾಗಿಬಿಡುತ್ತದೆ. ಅದಕ್ಕೇ ಎದುರಿನ ಚಹಾದ ಗಾಡಿಯ ಹತ್ತಿರ ನಿಂತು, ರಸ್ತೆಯ ಈಚೆಯಿಂದ ಫೋಟೋ ತೆಗೆದೆ. ಅದನ್ನು ನೋಡಿ ಮೂರ್ತಿ ಮಾಡಿದೆ.'

ಆಗ ಗೋಡೆಯ ಫೋಟೋಗಳನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ರಿಕ್ಷಾದ ಹಿಂದೆ, ಬಸ್ಸಿನ ಎರಡು ಕಿಟಕಿಗಳ ನಡುವೆ, ಸ್ಕೂಟರಿನವನ ಹೆಗಲ ಮೇಲೆ, ಒಂದೊಂದರಲ್ಲೂ ದೂರದಲ್ಲಿ ನಾನಿದ್ದೆ, ಗಿರಾಕಿಗಳ ಎದುರಿಗೆ ಸೀರೆ ಹರಡಿಕೊಂಡು, ಹಲ್ಲೆಲ್ಲ ಬಿಟ್ಟು ನಗುತ್ತ. ಮೂಲೆಯಲ್ಲಿ ಒಂದು ಚೀಟಿ ಇತ್ತು: 'ಅಪ್ಪ, ರಸ್ತೆಯ ಈಚೆಯಿಂದ.' ಗಿರಿಜಾ ಅಳು ನಿಲ್ಲಿಸಿ ಒಂದೊಂದೇ ಫೋಟೋ ನೋಡುತ್ತ ಹೋಗಿ ಕೊನೆಗೆ, 'ಹೌದವ್ವಾ, ಇವರನ್ನ ನಾನೂ ಭಾಳ ವರ್ಷ ಆತು ನೋಡಿದ್ದಿಲ್ಲ' ಎಂದಳು.

ಅಕ್ಷತಾ ಪಾಸಾದಳು. ಒಳ್ಳೆಯ ಅಂಕಗಳೇ ಬಂದವು. ಪ್ರದರ್ಶನ ಮುಗಿಯುವವರೆಗೂ ಹಾರ ಮೂರ್ತಿಯ ಕೊರಳಲ್ಲೇ ಇರಲಿ ಎಂದು ಪ್ರೊಫೆಸರು ಸೂಚಿಸಿದರಂತೆ. ಗಿರಿಜಾ ಅವರಿಗೆ ಕನ್ನಡದಲ್ಲೇ ಕೊಟ್ಟ ಉತ್ತರ ಅವರಿಗೆ ಚೆನ್ನಾಗಿ ತಿಳಿಯಿತು. ದೇಸಾಯರು ಹಾರ ದಂಡವಾಗಬಾರದೆಂದು ಅದನ್ನು ನನ್ನ ಕೊರಳಿಗೇ ಹಾಕಿದರು. ಮಗಳು ಕ್ಯಾಮೆರಾ ಎತ್ತಿ, 'ಅಪ್ಪಾ, ಒಂಚೂರು ನಗು' ಎಂದಳು. ಇದ್ದ ಬಲವನ್ನೆಲ್ಲ ಹಾಕಿ ನಕ್ಕೆ. ಅವಳು ಕ್ಯಾಮೆರಾದ ಹಿಂದೆ ನೋಡಿಕೊಂಡು, 'ಇರ್ಲಿ ಬಿಡಪ್ಪಾ, ಮೂರ್ತಿನs ಛಲೋ ಬಂದದ' ಎಂದಳು.

ಮೂರ್ತಿ ಈಗ ನಮ್ಮ ಮನೆಯಲ್ಲಿ ಫ್ರಿಜ್ಜಿನ ಪಕ್ಕದ ಕಪಾಟಿನ ಮೇಲೆ ಕುಳಿತಿದೆ. ಗಿರಿಜಾ ಅಡಿಗೆ ಮಾಡುತ್ತ ಅದರೊಂದಿಗೆ ಮಾತಾಡುತ್ತಾಳೆ; ನಾನು ಬಂದರೆ ನಿಲ್ಲಿಸುತ್ತಾಳೆ. ಮೊನ್ನೆ ಸಂಜೆ ಅಂಗಡಿಯಿಂದ ಬರುವಾಗ ಮೆಟ್ಟಿಲುದ್ದಕ್ಕೂ ಆ ನಗು ಅಭ್ಯಾಸ ಮಾಡಿಕೊಂಡು ಬಂದೆ. ಮಗಳು ಸೋಫಾದ ಮೇಲೆ ಕಾಲು ಮಡಿಚಿ ಕುಳಿತಿದ್ದಳು. ಹೊಸ್ತಿಲ ಮೇಲೇ ನಿಂತು, ಒಂದು ಕಡೆಗೆ ತುಸು ಬಾಗಿ, ಹಲ್ಲು ಬಿಟ್ಟು, 'ಬಸಾ ತಾಯಿ, ಬಸಾ, ಕಾಯ ದಾಖವೂ?' ಎಂದೆ.

ಅವಳು ತಲೆಯೆತ್ತಿದಳು. ನನ್ನನ್ನು ನೋಡಿದಳು, ಕಪಾಟಿನ ಮೇಲಿನವನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. 'ನುಸ್ತಂ ಬಘತೇಯ್' ಎಂದಳು.

ಇಂಥ ಗಿರಾಕಿಗಳನ್ನು ಮೂವತ್ತು ವರ್ಷ ಕೂರಿಸಿಕೊಂಡವನು ನಾನು. ನೀರು ಕೊಡಬೇಕು, ನಗಬೇಕು, ಒಂದಾದ ಮೇಲೊಂದು ಬಿಚ್ಚಿ ತೋರಿಸುತ್ತ ಹೋಗಬೇಕು. ನೀರು ತಂದುಕೊಟ್ಟೆ. ನಕ್ಕೆ. ಅವಳು ಫೋನು ಬದಿಗಿಟ್ಟು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತ ಕುಳಿತಳು. ಮುಂದೆ ಏನು ಬಿಚ್ಚಿ ತೋರಿಸಬೇಕೆಂದು ತಿಳಿಯದೆ ನಾನು ತಲೆಯಾಡಿಸುತ್ತ ನಿಂತೆ.